ಅಕ್ಕುಯು: ಗುತ್ತಿಗೆದಾರರ ಜಗಳ ಅಧ್ಯಕ್ಷರ ಮುಂದೆ ಬಂದಾಗ

2022ರ ಜುಲೈ 21ರಂದು ಟರ್ಕಿಯ ದಕ್ಷಿಣ ಕರಾವಳಿಯ ಅಕ್ಕುಯುವಿನಲ್ಲಿ ಸಂಭ್ರಮವಿತ್ತು. ದೇಶದ ಮೊಟ್ಟಮೊದಲ ಅಣು ವಿದ್ಯುತ್ ಸ್ಥಾವರದ ನಾಲ್ಕನೇ, ಅಂದರೆ ಕೊನೆಯ ಘಟಕದ ಬುನಾದಿಗೆ ಅಂದು ಮೊದಲ ಕಾಂಕ್ರೀಟ್ ಬಿತ್ತು. ಆಗ ಟರ್ಕಿಯ ಇಂಧನ ಸಚಿವರಾಗಿದ್ದ ಫಾತಿಹ್ ಡೊನ್ಮೆಜ್ ಬಂದಿದ್ದರು. ರಷ್ಯಾದ ಸರ್ಕಾರಿ ಅಣುಶಕ್ತಿ ಸಂಸ್ಥೆ ರೊಸಾಟಮ್‌ನ ಮುಖ್ಯಸ್ಥ ಅಲೆಕ್ಸಿ ಲಿಖಾಚೆವ್ ಕೂಡ ಬಂದಿದ್ದರು. ಆ ತಿಂಗಳು ಮುಗಿಯುವುದರೊಳಗೆ ಅದೇ ಅಂಗಳದಿಂದ ಬೇರೊಂದು ಸುದ್ದಿ ಹೊರಬಿತ್ತು: ಸ್ಥಾವರ ಕಟ್ಟುತ್ತಿದ್ದ ಮುಖ್ಯ ಗುತ್ತಿಗೆದಾರರ ಕರಾರು ರದ್ದಾಗಿದೆ.

ರದ್ದು ಮಾಡಿದ್ದು ಅಕ್ಕುಯು ನ್ಯೂಕ್ಲಿಯರ್ ಎಂಬ ಕಂಪನಿ. ಅದು ಟರ್ಕಿಯಲ್ಲಿ ನೋಂದಣಿಯಾಗಿದ್ದರೂ ಒಡೆತನ ರೊಸಾಟಮ್‌ನದು. ಕರಾರು ಕಳೆದುಕೊಂಡದ್ದು ಒಂದು ಜಂಟಿ ಸಂಸ್ಥೆ. ಅದರಲ್ಲಿ ಒಂದು ಪಾಲು ರಷ್ಯಾದ ಟೈಟಾನ್-2 ಕಂಪನಿಯದು, ಇನ್ನೊಂದು ಪಾಲು ಟರ್ಕಿಯ ಐಸಿ ಇಚ್‌ತಾಶ್ ಕಂಪನಿಯದು. ಕೆಲಸದಲ್ಲಿ ಹಲವು ಲೋಪಗಳಾಗಿವೆ, ಗುಣಮಟ್ಟವೂ ಗಡುವೂ ಕೆಡುತ್ತಿವೆ ಎಂಬುದು ಮಾಲೀಕರ ದೂರು. ಹೊಸ ಕರಾರು ಟಿಎಸ್‌ಎಂ ಎನರ್ಜಿ ಎಂಬ ಕಂಪನಿಗೆ ಹೋಯಿತು. ಅದರ ಹಿಂದಿದ್ದ ಮೂರೂ ಸಂಸ್ಥೆಗಳು ರಷ್ಯಾದವು. ಐಸಿ ಇಚ್‌ತಾಶ್ ಸುಮ್ಮನಿರಲಿಲ್ಲ. ಈ ರದ್ದತಿ ಕಾನೂನಿಗೆ ವಿರುದ್ಧ, ಯೋಜನೆಯಲ್ಲಿ ಟರ್ಕಿಯ ಕಂಪನಿಗಳ ಪಾತ್ರವನ್ನು ಕುಗ್ಗಿಸುವುದೇ ಇದರ ಉದ್ದೇಶ ಎಂದು ಬಹಿರಂಗವಾಗಿಯೇ ಆರೋಪಿಸಿತು.

ಐಸಿ ಇಚ್‌ತಾಶ್ ಹೆಸರು ಟರ್ಕಿಯಲ್ಲಿ ಅಪರಿಚಿತವಲ್ಲ. 2016ರಲ್ಲಿ ತೆರೆದ ಬಾಸ್ಫರಸ್‌ನ ಮೂರನೇ ಸೇತುವೆಯನ್ನು ಇಟಲಿಯ ಕಂಪನಿಯೊಂದರ ಜತೆ ಸೇರಿ ಕಟ್ಟಿದ್ದು ಇದೇ ಸಂಸ್ಥೆ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ವಿಮಾನ ನಿಲ್ದಾಣದ ಕಾಮಗಾರಿಯಲ್ಲೂ ಅದರ ಕೈಯಿತ್ತು. ರಷ್ಯನ್ನರ ಜತೆ ಕೆಲಸ ಮಾಡಿ ಪಳಗಿದ್ದ ಕಂಪನಿಯನ್ನೇ ರಷ್ಯನ್ ಮಾಲೀಕರು ಹೊರಗೆ ಹಾಕಿದ್ದರಿಂದ ಟರ್ಕಿಯ ರಾಜಧಾನಿ ಅಂಕಾರಾದಲ್ಲಿ ಕಸಿವಿಸಿ ಹೆಚ್ಚಾಯಿತು. ಇಂಧನ ಸಚಿವಾಲಯ ಎರಡೂ ಕಡೆಯವರನ್ನು ಕೂರಿಸಿ ಮಾತನಾಡಿಸುವುದಾಗಿ ಹೇಳಿತು. ಆಗಸ್ಟ್ 5ರಂದು ಟರ್ಕಿಯ ಅಧ್ಯಕ್ಷ ಎರ್ಡೊಗನ್ ರಷ್ಯಾದ ಅಧ್ಯಕ್ಷ ಪುಟಿನ್ ಭೇಟಿಗೆ ಸೋಚಿಗೆ ಹೋದಾಗ ಮಾತುಕತೆಯ ವಿಷಯಗಳಲ್ಲಿ ಉಕ್ರೇನ್ ಯುದ್ಧವಿತ್ತು, ಸಿರಿಯಾ ಇತ್ತು, ಅನಿಲದ ಹಣಪಾವತಿ ಇತ್ತು. ಅವುಗಳ ಜತೆ ಅಕ್ಕುಯುವಿನ ಗುತ್ತಿಗೆಯೂ ಸೇರಿಕೊಂಡಿತು.

ಒಂದು ಸಿವಿಲ್ ಕಾಮಗಾರಿಯ ಕರಾರು ಇಬ್ಬರು ಅಧ್ಯಕ್ಷರ ಮಾತುಕತೆಗೆ ಬರಬೇಕಾಯಿತೇಕೆ? ಉತ್ತರ ಸಿಗಬೇಕಾದರೆ 2010ಕ್ಕೆ ಹೋಗಬೇಕು.

ಅಕ್ಕುಯುವಿನಲ್ಲಿ ಅಣುಸ್ಥಾವರ ಕಟ್ಟಬೇಕೆಂಬುದು ಟರ್ಕಿಯ ಹಳೆಯ ಆಸೆ. ಜಾಗಕ್ಕೆ ಪರವಾನಗಿ ಸಿಕ್ಕಿದ್ದೇ 1976ರಲ್ಲಿ. ಸ್ವೀಡನ್ನಿನವರ ಜತೆ ಮಾತುಕತೆ ನಡೆದು ಮುರಿಯಿತು. ಆಮೇಲೆ ಕೆನಡಾದವರ ಜತೆಗಿನದೂ ಅಷ್ಟೇ ಆಯಿತು. 2000ದಲ್ಲಿ ಟೆಂಡರ್ ರದ್ದಾಯಿತು. ಪ್ರತಿ ಬಾರಿಯೂ ಎಡವಿದ್ದು ಹಣದ ಕಲ್ಲಿಗೇ. ಸಾಲಕ್ಕೆ ಖಾತರಿ ಯಾರು ಕೊಡಬೇಕು ಎಂಬಲ್ಲಿಗೆ ಬಂದು ಎಲ್ಲವೂ ನಿಲ್ಲುತ್ತಿತ್ತು. 2010ರ ಮೇ 12ರಂದು ಅಂಕಾರಾದಲ್ಲಿ ರಷ್ಯಾದ ಜತೆ ಸಹಿಯಾದ ಒಪ್ಪಂದ ಈ ಕಲ್ಲನ್ನೇ ದಾರಿಯಿಂದ ಸರಿಸಿತು. ಹಣ ನಮ್ಮದು, ಕಟ್ಟುವವರು ನಾವು, ಕಟ್ಟಿದ ಮೇಲೆ ಒಡೆಯರೂ ನಾವು, ನಡೆಸುವವರೂ ನಾವು, ನೀವು ವಿದ್ಯುತ್ ಕೊಂಡರೆ ಸಾಕು ಎಂಬುದು ಅದರಲ್ಲಿ ರಷ್ಯಾದ ಮಾತಿನ ಸಾರ. ಅಣುಸ್ಥಾವರಕ್ಕೆ ಇಂಥ ಏರ್ಪಾಡು ಜಗತ್ತಿನಲ್ಲಿ ಅದೇ ಮೊದಲು.

ತಲಾ 1,200 ಮೆಗಾವಾಟ್‌ನ ನಾಲ್ಕು ಘಟಕಗಳು, ಒಟ್ಟು 4,800 ಮೆಗಾವಾಟ್. ಅಂದಾಜು ವೆಚ್ಚ 20 ಶತಕೋಟಿ ಡಾಲರ್. ಎಲ್ಲ ಘಟಕಗಳೂ ಓಡಿದರೆ ಟರ್ಕಿಯ ವಿದ್ಯುತ್ ಬೇಡಿಕೆಯ ಸುಮಾರು ಹತ್ತನೇ ಒಂದು ಪಾಲು ಇಲ್ಲಿಂದಲೇ ಸಿಗುತ್ತದೆ. ಮೊದಲೆರಡು ಘಟಕಗಳ ಶೇ 70ರಷ್ಟು, ಉಳಿದೆರಡರ ಶೇ 30ರಷ್ಟು ವಿದ್ಯುತ್ತನ್ನು ಯೂನಿಟ್‌ಗೆ ಸರಾಸರಿ 12.35 ಅಮೆರಿಕನ್ ಸೆಂಟ್‌ನಂತೆ 15 ವರ್ಷ ಕೊಳ್ಳುವುದಾಗಿ ಟರ್ಕಿ ಒಪ್ಪಿಕೊಂಡಿತು. ಖರೀದಿಯ ಅವಧಿ ಮುಗಿದ ಮೇಲೆ ನಿವ್ವಳ ಲಾಭದಲ್ಲಿ ಶೇ 20 ಟರ್ಕಿಗೆ ಬರುತ್ತದೆ. ಆದರೆ ಯಾವ ಕಾಲಕ್ಕೂ ರಷ್ಯಾದ ಪಾಲು ಶೇ 51ಕ್ಕಿಂತ ಕೆಳಗಿಳಿಯುವಂತಿಲ್ಲ. ಮುಂದೆ ನಡೆದ ಅಷ್ಟೂ ಘಟನೆಗಳ ಬೇರು ಇರುವುದು ಈ ಕೊನೆಯ ಷರತ್ತಿನಲ್ಲಿ.

ದರ ಡಾಲರಿನಲ್ಲಿದೆ ಎಂಬುದನ್ನೂ ಮರೆಯಬಾರದು. ಒಪ್ಪಂದಕ್ಕೆ ಸಹಿ ಬಿದ್ದಾಗ ಒಂದು ಡಾಲರಿಗೆ ಸುಮಾರು ಒಂದೂವರೆ ಲಿರಾ ಸಾಕಿತ್ತು. ಗುತ್ತಿಗೆಯ ಜಗಳ ನಡೆದ 2022ರ ಬೇಸಿಗೆಯಲ್ಲಿ 17 ಲಿರಾಕ್ಕೂ ಹೆಚ್ಚು ಬೇಕಾಗುತ್ತಿತ್ತು.

ಉಳಿದ ಶೇ 49ರಷ್ಟನ್ನು ಟರ್ಕಿಯ ಕಂಪನಿಗಳಿಗೆ ಮಾರುವ ಯತ್ನವೂ ನಡೆದಿತ್ತು. 2017ರಲ್ಲಿ ಜೆಂಗಿಜ್, ಕೊಲಿನ್, ಕಲ್ಯೋನ್ ಎಂಬ ಮೂರು ದೊಡ್ಡ ಕಂಪನಿಗಳ ಕೂಟ ಆಸಕ್ತಿ ತೋರಿತು. 2018ರ ಆರಂಭದಲ್ಲಿ ಅದು ಹಿಂದೆ ಸರಿಯಿತು. ಅಲ್ಲಿಗೆ ಮಾಲೀಕತ್ವ ರಷ್ಯಾದ ಕೈಯಲ್ಲೇ ಉಳಿಯಿತು. ಟರ್ಕಿಗೆ ಉಳಿದದ್ದು ಜಾಗ, ಕಾರ್ಮಿಕರು, ಗ್ರಾಹಕರು ಮತ್ತು ಕೆಲಸದ ಗುತ್ತಿಗೆಗಳು. ಹಾಗಾಗಿ ಐಸಿ ಇಚ್‌ತಾಶ್ ಹೊರಬಿದ್ದಾಗ ಅಂಕಾರಾಕ್ಕೆ ಅದು ಒಂದು ಕಂಪನಿಯ ನಷ್ಟ ಮಾತ್ರವಾಗಿ ಕಾಣಲಿಲ್ಲ. ತನ್ನ ನೆಲದಲ್ಲಿ ನಡೆಯುತ್ತಿರುವ ಕೆಲಸದೊಳಗೆ ತನ್ನವರಿಗಿದ್ದ ಅತಿ ದೊಡ್ಡ ಜಾಗವೇ ಕೈತಪ್ಪುತ್ತಿದೆ ಎಂದು ಕಂಡಿತು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ನಮ್ಮಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ. ಅರ್ಧ ಕಟ್ಟಿದ ಮನೆಯಲ್ಲಿ ಮೇಸ್ತ್ರಿಯನ್ನು ಬದಲಿಸಿದವರಿಗೆ ಅದರ ಪಾಡು ಗೊತ್ತು. ಹೊಸಬರು ಬಂದು ಹಳಬರ ಗೋಡೆಗೆ ಗುಂಡು ಹಿಡಿದು ನೋಡುತ್ತಾರೆ, ಓರೆ ಇದೆ ಎನ್ನುತ್ತಾರೆ. ಹಳಬರು ಬಾಕಿ ಹಣ ಕೇಳುತ್ತಾರೆ. ಮನೆಯಲ್ಲಾದರೆ ಪ್ಲಾಸ್ಟರಿಂಗ್ ಮಾಡಿ ಮುಚ್ಚಿ ಮುಂದೆ ಹೋಗಬಹುದು. ಅಣುಸ್ಥಾವರದಲ್ಲಿ ಮುಚ್ಚಿ ಮುಂದೆ ಹೋಗುವ ಮಾತೇ ಇಲ್ಲ.

ಒಂದೇ ಒಂದು ಕೆಲಸವನ್ನು ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ. ಅಕ್ಕುಯುವಿನ ಮಾದರಿಯ ರಿಯಾಕ್ಟರಿನಲ್ಲಿ ಒಂದು ಮುಖ್ಯ ಕೊಳವೆಜಾಲ ಇರುತ್ತದೆ. ರಿಯಾಕ್ಟರ್ ಪಾತ್ರೆಯನ್ನು ನಾಲ್ಕು ಸ್ಟೀಮ್ ಜನರೇಟರುಗಳಿಗೆ ಜೋಡಿಸುವುದು ಅದೇ. ಇಂಧನದ ಬಿಸಿಯನ್ನು ಹೊತ್ತ ನೀರು, 300 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ತಾಪದಲ್ಲಿ, ಭಾರಿ ಒತ್ತಡದಲ್ಲಿ ಓಡಾಡುವುದು ಇದರೊಳಗೆ. ಎಲ್ಲ ಸೇರಿ ಉದ್ದ 160 ಮೀಟರ್ ಆಸುಪಾಸು. ಕೊಳವೆಯ ಒಳವ್ಯಾಸ 850 ಮಿಲಿಮೀಟರ್, ಉಕ್ಕಿನ ದಪ್ಪ 70 ಮಿಲಿಮೀಟರ್. ಸ್ಥಾವರದ ಜಾಗದಲ್ಲೇ ಬೆಸೆಯಬೇಕಾದ ಕೀಲುಗಳು 28. ಪ್ರತಿ ಕೀಲನ್ನೂ ಮೊದಲು ಕಾಯಿಸಿ, ಪದರ ಪದರವಾಗಿ ವೆಲ್ಡಿಂಗ್ ಮಾಡಿ, ಮತ್ತೆ ಹದವಾಗಿ ಕಾಯಿಸಿ ತಣಿಸಬೇಕು. ಒಳಗಡೆ ತುಕ್ಕು ಹಿಡಿಯದ ಉಕ್ಕಿನ ಲೇಪ ಕೊಡಬೇಕು. ನಡುನಡುವೆ ಎಕ್ಸ್‌ರೇ ಹಾಗೂ ಅಲ್ಟ್ರಾಸೌಂಡ್ ಪರೀಕ್ಷೆ ಆಗಬೇಕು. ಒಂದು ಘಟಕದ ಈ ಕೆಲಸಕ್ಕೆ ತಿಂಗಳುಗಳೇ ಹಿಡಿಯುತ್ತವೆ.

ಆ ಕೀಲನ್ನು ಬೆಸೆದವರು ಯಾರು, ಅವರ ಅರ್ಹತಾಪತ್ರ ಯಾವುದು, ಬಳಸಿದ ವೆಲ್ಡಿಂಗ್ ರಾಡ್ ಯಾವ ಕಂತಿನದು, ಎಷ್ಟು ಹೊತ್ತು ಎಷ್ಟು ತಾಪದಲ್ಲಿತ್ತು, ಪರೀಕ್ಷೆ ಮಾಡಿ ಸಹಿ ಹಾಕಿದವರು ಯಾರು ಎಂಬುದೆಲ್ಲ ಕಾಗದದಲ್ಲಿ ಇರಲೇಬೇಕು. ಅರವತ್ತು ವರ್ಷ ಓಡಬೇಕಾದ ಯಂತ್ರ ಅದು. ನಲವತ್ತನೇ ವರ್ಷದಲ್ಲಿ ಒಂದು ಬಿರುಕು ಕಂಡರೆ ತೆರೆದು ನೋಡಬೇಕಾದದ್ದು ಆ ಕಾಗದವನ್ನೇ. ಗುತ್ತಿಗೆದಾರರು ಬದಲಾದರೆ ಜನ ಬದಲಾಗುತ್ತಾರೆ, ಉಪಗುತ್ತಿಗೆದಾರರು ಬದಲಾಗುತ್ತಾರೆ, ದಾಖಲೆಗಳ ಜವಾಬ್ದಾರಿ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆ. ಅಣು ನಿಯಂತ್ರಣ ಸಂಸ್ಥೆ ಪ್ರತಿಯೊಂದನ್ನೂ ಮತ್ತೆ ತಾಳೆ ನೋಡಬೇಕು. ಟರ್ಕಿಯಲ್ಲಿ ಆ ಸಂಸ್ಥೆ ಹುಟ್ಟಿದ್ದೇ 2018ರಲ್ಲಿ, ಅಕ್ಕುಯುವಿನ ಮೊದಲ ಘಟಕದ ಕಾಂಕ್ರೀಟ್ ಬಿದ್ದ ವರ್ಷ. ವಿದ್ಯಾರ್ಥಿಯೂ ಪರೀಕ್ಷಕನೂ ಒಟ್ಟಿಗೆ ಕಲಿಯುತ್ತಿದ್ದ ಹೊತ್ತು ಅದು.

ಕಾಮಗಾರಿಯ ಬಗ್ಗೆ ಅನುಮಾನಗಳು 2022ರ ಜಗಳಕ್ಕೂ ಮುಂಚೆಯೇ ಎದ್ದಿದ್ದವು. ಮೊದಲ ಘಟಕದ ಬುನಾದಿಯ ಕಾಂಕ್ರೀಟಿನಲ್ಲಿ ಬಿರುಕು ಬಿಟ್ಟಿದ್ದು, ಆ ಭಾಗವನ್ನು ಒಡೆದು ಮತ್ತೆ ಹಾಕಿದ್ದು 2019ರಲ್ಲಿ ಟರ್ಕಿಯ ಪತ್ರಿಕೆಗಳಲ್ಲಿ ವರದಿಯಾಗಿತ್ತು. 2021ರ ಜನವರಿಯಲ್ಲಿ ಬಂಡೆ ಸಿಡಿಸುವಾಗ ಆದ ಸ್ಫೋಟಕ್ಕೆ ಪಕ್ಕದ ಬ್ಯುಯುಕೆಜೆಲಿ ಊರಿನ ಮನೆಗಳಿಗೆ ಹಾನಿಯಾಯಿತು. ಉಪಗುತ್ತಿಗೆದಾರರು ಸಂಬಳ ಕೊಟ್ಟಿಲ್ಲವೆಂದು ಕಾರ್ಮಿಕರು ಕೆಲಸ ನಿಲ್ಲಿಸಿದ್ದು ಒಂದೆರಡು ಸಲವಲ್ಲ. ಹೀಗಿರುವಾಗ ಲೋಪಗಳಿದ್ದವು ಎಂಬ ಮಾಲೀಕರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಲೋಪದ ಜವಾಬ್ದಾರಿಯನ್ನೆಲ್ಲ ಟರ್ಕಿಯ ಕಂಪನಿಯ ತಲೆಗೆ ಕಟ್ಟಿ, ಅದೇ ಜಾಗಕ್ಕೆ ರಷ್ಯಾದ ಸಂಸ್ಥೆಗಳದೇ ಕಂಪನಿಯನ್ನು ತಂದು ಕೂರಿಸಿದ್ದನ್ನು ಒಪ್ಪುವುದೂ ಕಷ್ಟ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬಂತೆ, ಇಬ್ಬರ ನಡುವೆ ಸಿಕ್ಕಿಕೊಂಡವರು 20 ಸಾವಿರಕ್ಕೂ ಹೆಚ್ಚು ಕೆಲಸಗಾರರು. ಅವರಲ್ಲಿ ಬಹುಪಾಲು ಜನ ಟರ್ಕಿಯವರು. ಕರಾರು ರದ್ದಾದ ದಿನಗಳಲ್ಲಿ ತಮ್ಮ ಯಜಮಾನರು ಯಾರು ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಹಾಗಿದ್ದರೂ ಎರ್ಡೊಗನ್ ಸೋಚಿಯಲ್ಲಿ ಜಗಳಕ್ಕೆ ನಿಲ್ಲಲಿಲ್ಲ. ಕಾರಣಗಳಿದ್ದವು. ಜುಲೈನಲ್ಲಿ ಟರ್ಕಿಯ ಹಣದುಬ್ಬರ ಶೇ 80ರ ಹತ್ತಿರಕ್ಕೆ ಹೋಗಿತ್ತು. ಲಿರಾ ಕುಸಿಯುತ್ತಿತ್ತು. ಅದೇ ದಿನಗಳಲ್ಲಿ ರೊಸಾಟಮ್ ಅಕ್ಕುಯುವಿನ ಖರ್ಚಿಗೆಂದು ಶತಕೋಟಿಗಟ್ಟಲೆ ಡಾಲರನ್ನು ಟರ್ಕಿಗೆ ಕಳಿಸತೊಡಗಿತ್ತು. ವಿದೇಶಿ ವಿನಿಮಯಕ್ಕೆ ಪರದಾಡುತ್ತಿದ್ದ ದೇಶಕ್ಕೆ ಅದು ಬಾಯಾರಿದವರಿಗೆ ಸಿಕ್ಕ ನೀರು. ಟರ್ಕಿ ಆಗ ಕೊಳ್ಳುತ್ತಿದ್ದ ಅನಿಲದಲ್ಲಿ ಸುಮಾರು ಶೇ 40 ರಷ್ಯಾದ್ದಾಗಿತ್ತು. ಜುಲೈ 22ರಂದಷ್ಟೇ ಇಸ್ತಾಂಬುಲ್‌ನಲ್ಲಿ ಉಕ್ರೇನಿನ ಧಾನ್ಯ ಸಾಗಣೆಯ ಒಪ್ಪಂದ ಆಗಿತ್ತು, ಅದಕ್ಕೆ ಟರ್ಕಿಯೂ ಮಧ್ಯವರ್ತಿಯಾಗಿತ್ತು. ಮರುವರ್ಷ ಚುನಾವಣೆ. 2023ರ ಅಕ್ಟೋಬರ್ 29ಕ್ಕೆ ಗಣರಾಜ್ಯಕ್ಕೆ ನೂರು ತುಂಬುವಾಗ ಅಕ್ಕುಯುವಿನ ಮೊದಲ ಘಟಕದ ದೀಪ ಉರಿಯಬೇಕೆಂದು ಅಧ್ಯಕ್ಷರು ವರ್ಷಗಳಿಂದ ಹೇಳಿಕೊಂಡು ಬಂದಿದ್ದರು.

ಪುಟಿನ್‌ಗೂ ಇಕ್ಕಟ್ಟಿತ್ತು. ಅದೇ ವರ್ಷದ ಮೇ 2ರಂದು ಫಿನ್ಲೆಂಡಿನ ಫೆನ್ನೊವೊಯ್ಮಾ ಕಂಪನಿ ಹನ್ಹಿಕಿವಿಯಲ್ಲಿ ರೊಸಾಟಮ್ ಕಟ್ಟಬೇಕಿದ್ದ 1,200 ಮೆಗಾವಾಟ್ ಸ್ಥಾವರದ ಕರಾರನ್ನು ಕಿತ್ತೊಗೆದಿತ್ತು. ತಡವಾದದ್ದು ಒಂದು ಕಾರಣ, ಉಕ್ರೇನ್ ಯುದ್ಧ ತಂದ ಅಪಾಯ ಇನ್ನೊಂದು. ಅಲ್ಲೂ ಮುಖ್ಯ ಗುತ್ತಿಗೆದಾರರಾಗಿದ್ದವರು ಟೈಟಾನ್-2 ಎಂಬುದು ಗಮನಿಸಬೇಕಾದ ಸಂಗತಿ. ಯುರೋಪಿನ ಒಂದು ಬಾಗಿಲು ಮುಚ್ಚಿದ ಮೂರೇ ತಿಂಗಳಿಗೆ ನ್ಯಾಟೊ ದೇಶವೊಂದರಲ್ಲಿ ನಡೆಯುತ್ತಿದ್ದ ಯೋಜನೆಯನ್ನು ಕೆಡಿಸಿಕೊಳ್ಳುವುದು ಮಾಸ್ಕೊಗೆ ಬೇಕಿರಲಿಲ್ಲ. ಸೆಪ್ಟೆಂಬರಿನಲ್ಲಿ, ಇಬ್ಬರು ಅಧ್ಯಕ್ಷರೂ ಸಮರ್‌ಖಂಡ್‌ನ ಶೃಂಗಸಭೆಯಲ್ಲಿ ಮತ್ತೆ ಭೇಟಿಯಾದ ದಿನಗಳಲ್ಲಿ ರಾಜಿಯಾಯಿತು. ಐಸಿ ಇಚ್‌ತಾಶ್ ಕಾಮಗಾರಿಗೆ ಮರಳಿತು.

ಫಿನ್ಲೆಂಡಿನದೇ ಇನ್ನೊಂದು ಉದಾಹರಣೆ ಇಲ್ಲಿ ಹೇಳಬೇಕು. ಓಲ್ಕಿಲುವೊಟೊದ ಮೂರನೇ ಘಟಕವನ್ನು ಫ್ರಾನ್ಸಿನ ಅರೆವಾ ಮತ್ತು ಜರ್ಮನಿಯ ಸೀಮನ್ಸ್ ಕಟ್ಟಲು ಶುರು ಮಾಡಿದ್ದು 2005ರಲ್ಲಿ. ಮುಗಿಯಬೇಕಿದ್ದದ್ದು 2009ಕ್ಕೆ. ವಾಣಿಜ್ಯ ಉತ್ಪಾದನೆ ಶುರುವಾಗಿದ್ದು 2023ರ ವಸಂತದಲ್ಲಿ. ಕಾಂಕ್ರೀಟಿನಿಂದ ಹಿಡಿದು ನಿಯಂತ್ರಣ ವ್ಯವಸ್ಥೆಯವರೆಗೆ ಪ್ರತಿ ಹಂತದಲ್ಲೂ ತಕರಾರು ಬಂತು, ಎರಡೂ ಕಡೆಯವರು ಶತಕೋಟಿ ಯೂರೊಗಳ ಪರಿಹಾರ ಕೇಳಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆಗೆ ಹೋದರು. 2018ರಲ್ಲಿ ಕಟ್ಟುವವರು 45 ಕೋಟಿ ಯೂರೊ ಕೊಡುವುದೆಂದು ತೀರ್ಮಾನವಾಯಿತು. ತಡವಾದದ್ದರಲ್ಲಿ ಅಕ್ಕುಯುವನ್ನೂ ಮೀರಿಸಿದ ಯೋಜನೆ ಇದು. ಆದರೂ ಹೆಲ್ಸಿಂಕಿಯ ಅಧ್ಯಕ್ಷರು ಪ್ಯಾರಿಸ್ಸಿಗೆ ಹೋಗಿ ಕೇಳಿಕೊಳ್ಳುವ ಪ್ರಮೇಯ ಬರಲಿಲ್ಲ. ಸ್ಥಾವರದ ಮಾಲೀಕರು ಫಿನ್ಲೆಂಡಿನ ಟಿವಿಒ ಕಂಪನಿ. ಅವರ ಕೈಯಲ್ಲಿ ನಿಗದಿತ ಬೆಲೆಯ ಕರಾರು ಇತ್ತು, ಕರಾರಿನಲ್ಲಿ ದಂಡದ ಕಲಮು ಇತ್ತು. ಟರ್ಕಿಯ ಸರ್ಕಾರ ಅಕ್ಕುಯುವಿನಲ್ಲಿ ಮಾಲೀಕನೂ ಅಲ್ಲ, ಗುತ್ತಿಗೆ ಕೊಟ್ಟವನೂ ಅಲ್ಲ. ಅದಕ್ಕಿದ್ದ ದಾರಿ ರಾಜತಾಂತ್ರಿಕತೆ ಒಂದೇ.

ಆ ದಾರಿಯಲ್ಲಿ ಬೇರೆ ಜಗಳಗಳೂ ಎದುರಾಗುತ್ತವೆ. 2015ರ ನವೆಂಬರ್ 24ರಂದು ಸಿರಿಯಾ ಗಡಿಯಲ್ಲಿ ಟರ್ಕಿ ರಷ್ಯಾದ ಯುದ್ಧವಿಮಾನವನ್ನು ಹೊಡೆದುರುಳಿಸಿದಾಗ ಅಕ್ಕುಯುವಿನ ಕೆಲಸ ಸ್ತಬ್ಧವಾಯಿತು. ಮರುವರ್ಷ ಎರ್ಡೊಗನ್ ವಿಷಾದ ಸೂಚಿಸಿ ಪತ್ರ ಬರೆದ ಮೇಲಷ್ಟೇ ಮತ್ತೆ ಜೀವ ಬಂತು. 2024ರಲ್ಲಿ ಜರ್ಮನಿಯ ಸರದಿ. ಸೀಮನ್ಸ್ ಎನರ್ಜಿಯಿಂದ ಬರಬೇಕಿದ್ದ ವಿದ್ಯುತ್ ಉಪಕರಣಗಳು ಜರ್ಮನಿಯ ಅನುಮತಿ ಸಿಗದೆ ಅಲ್ಲೇ ಉಳಿದವು. ಎರ್ಡೊಗನ್ ಈ ಅಸಮಾಧಾನವನ್ನು ಜರ್ಮನಿಯ ಚಾನ್ಸಲರ್ ಶೋಲ್ಜ್ ಮುಂದೆಯೇ ಹೇಳಿದರು. ಕೊನೆಗೆ ರಷ್ಯಾ ಆ ಉಪಕರಣಗಳನ್ನು ಚೀನಾದಿಂದ ತರಿಸಿತು, ಅದರಿಂದ ಕೆಲವು ತಿಂಗಳು ತಡವಾಯಿತೆಂದು ಟರ್ಕಿಯ ಇಂಧನ ಸಚಿವ ಆಲ್ಪರ್ಸ್ಲಾನ್ ಬೈರಕ್ತಾರ್ ಹೇಳಿದರು. ಅಕ್ಕುಯುವಿಗೆ ಹೊರಟಿದ್ದ ಸುಮಾರು ಎರಡು ಶತಕೋಟಿ ಡಾಲರನ್ನು ಅಮೆರಿಕದ ಅಧಿಕಾರಿಗಳು ತಡೆಹಿಡಿದಿದ್ದಾರೆ ಎಂದೂ ವರದಿಯಾಯಿತು.

ಬಾಂಗ್ಲಾದೇಶ ಇದೇ ಪಾಠವನ್ನು ಬೇರೆ ರೀತಿಯಲ್ಲಿ ಕಲಿಯಿತು. ಪಾಬ್ನಾ ಜಿಲ್ಲೆಯ ರೂಪ್‌ಪುರದಲ್ಲಿ ರೊಸಾಟಮ್ ತಲಾ 1,200 ಮೆಗಾವಾಟ್‌ನ ಎರಡು ಘಟಕಗಳನ್ನು ಕಟ್ಟುತ್ತಿದೆ. ವೆಚ್ಚ 12.65 ಶತಕೋಟಿ ಡಾಲರ್, ಅದರಲ್ಲಿ ಶೇ 90 ರಷ್ಯಾದ ಸಾಲ. 2022ರ ಡಿಸೆಂಬರಿನಲ್ಲಿ ಸ್ಥಾವರದ ಸಾಮಗ್ರಿ ಹೊತ್ತ ರಷ್ಯಾದ ಹಡಗೊಂದು ಮೊಂಗ್ಲಾ ಬಂದರಿಗೆ ಬರುತ್ತಿತ್ತು. ಅದು ಅಮೆರಿಕದ ನಿರ್ಬಂಧದ ಪಟ್ಟಿಯಲ್ಲಿರುವ ಹಡಗು, ಹೆಸರು ಬದಲಿಸಿಕೊಂಡು ಬರುತ್ತಿದೆ ಎಂದು ಅಮೆರಿಕ ಎಚ್ಚರಿಸಿತು. ಢಾಕಾ ಪ್ರವೇಶ ನಿರಾಕರಿಸಿತು. ಹಡಗು ನಮ್ಮ ಹಲ್ದಿಯಾ ಕಡೆಗೆ ತಿರುಗಿತು, ಅಲ್ಲೂ ಸರಕು ಇಳಿಯಲಿಲ್ಲ, ವಾಪಸಾಯಿತು. ಆ ಬಳಿಕ ಬಾಂಗ್ಲಾದೇಶ ರಷ್ಯಾದ 69 ಹಡಗುಗಳಿಗೆ ಬಂದರು ಮುಚ್ಚಿತು. 2023ರ ಫೆಬ್ರುವರಿಯಲ್ಲಿ ಮಾಸ್ಕೊ ಬಾಂಗ್ಲಾದೇಶದ ರಾಯಭಾರಿಯನ್ನು ಕರೆಸಿ ಪ್ರತಿಭಟನೆ ಸಲ್ಲಿಸಿತು. ಸಾಲ ಕೊಟ್ಟ ರಷ್ಯಾವನ್ನೂ ತನ್ನ ಬಟ್ಟೆ ಕೊಳ್ಳುವ ಅಮೆರಿಕವನ್ನೂ ಏಕಕಾಲಕ್ಕೆ ಮೆಚ್ಚಿಸಬೇಕಾದ ಸಣ್ಣ ದೇಶದ ಸಂಕಟ ಅದು.

ಜಗಳಕ್ಕೆ ಎರಡು ದೇಶಗಳೇ ಬೇಕೆಂದೂ ಇಲ್ಲ. ಯುಎಇಯ ಬರಾಕಾ ಸ್ಥಾವರವನ್ನು ದಕ್ಷಿಣ ಕೊರಿಯಾ ಯಶಸ್ವಿಯಾಗಿ ಕಟ್ಟಿ ಮುಗಿಸಿತು, ನಾಲ್ಕೂ ಘಟಕಗಳು ಓಡುತ್ತಿವೆ. ಆದರೆ ಹೆಚ್ಚುವರಿ ಖರ್ಚನ್ನು ಹೊರುವವರು ಯಾರು ಎಂದು ಕೊರಿಯಾದ ಸರ್ಕಾರಿ ವಿದ್ಯುತ್ ಸಂಸ್ಥೆ ಕೆಪ್ಕೊ ಮತ್ತು ಅದರದೇ ಅಂಗಸಂಸ್ಥೆ 2025ರಲ್ಲಿ ಲಂಡನ್ನಿನ ಮಧ್ಯಸ್ಥಿಕೆ ನ್ಯಾಯಮಂಡಳಿಯ ಮೆಟ್ಟಿಲೇರಿದವು.

ಭಾರತ ಆರಿಸಿಕೊಂಡ ದಾರಿ ಬೇರೆ. 1988ರಲ್ಲಿ ರಾಜೀವ್ ಗಾಂಧಿ ಮತ್ತು ಗೊರ್ಬಚೆವ್ ಸಹಿ ಹಾಕಿದ ಕೂಡಂಕುಳಂ ಒಪ್ಪಂದದಲ್ಲಿ ವಿನ್ಯಾಸ ಹಾಗೂ ಮುಖ್ಯ ಉಪಕರಣ ರಷ್ಯಾದವು, ಒಡೆತನ ಮಾತ್ರ ಭಾರತೀಯ ಅಣು ವಿದ್ಯುತ್ ನಿಗಮದ್ದು. ಮೊದಲ ಘಟಕದಿಂದ ವಿದ್ಯುತ್ ಹರಿದದ್ದು 2013ರಲ್ಲಿ. ಕಾಲು ಶತಮಾನ ಹಿಡಿಯಿತು ನಿಜ, ಆದರೆ ಯಾವ ಕೆಲಸ ಯಾವ ಗುತ್ತಿಗೆದಾರರಿಗೆ ಎಂಬ ತೀರ್ಮಾನ ಇಲ್ಲೇ ಆಯಿತು. ಫ್ರಾನ್ಸಿನ ಆರು ರಿಯಾಕ್ಟರುಗಳನ್ನು ಮಹಾರಾಷ್ಟ್ರದ ಜೈತಾಪುರದಲ್ಲಿ ಸ್ಥಾಪಿಸುವ ಮಾತು ಒಂದೂವರೆ ದಶಕದಿಂದ ಎಳೆದಾಡುತ್ತಿದೆ. 2010ರ ಅಣು ಅಪಘಾತ ಹೊಣೆಗಾರಿಕೆ ಕಾಯ್ದೆಯಲ್ಲಿ, ಉಪಕರಣ ದೋಷದಿಂದ ಅಪಘಾತವಾದರೆ ಪೂರೈಕೆದಾರರಿಂದಲೂ ವಸೂಲಿ ಮಾಡುವ ಅವಕಾಶ ಇಟ್ಟದ್ದು ಅದಕ್ಕೊಂದು ದೊಡ್ಡ ಕಾರಣವಾಗಿತ್ತು. ಭೋಪಾಲದ ಅನಿಲ ದುರಂತದ ನೆನಪಿದ್ದವರು ಬರೆದ ಕಲಮು ಅದು. 2025ರ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ 2047ರ ಹೊತ್ತಿಗೆ 100 ಗಿಗಾವಾಟ್ ಅಣು ವಿದ್ಯುತ್ತಿನ ಗುರಿ ಘೋಷಿಸಿ, ಖಾಸಗಿಯವರನ್ನು ಕರೆತರಲು ಈ ಕಾಯ್ದೆಯನ್ನೂ ಅಣುಶಕ್ತಿ ಕಾಯ್ದೆಯನ್ನೂ ತಿದ್ದುವುದಾಗಿ ಹೇಳಿತು. ಅಕ್ಕುಯುವಿನ ಕಥೆ ನಮಗೆ ಬೇಕಾದದ್ದು ಇಲ್ಲಿಯೇ.

ಅಣುಸ್ಥಾವರದ ಕಾಮಗಾರಿ ಕೆಟ್ಟರೆ ಏನಾಗುತ್ತದೆಂದು ಕರ್ನಾಟಕಕ್ಕೆ ಹೊಸದಾಗಿ ಹೇಳಬೇಕಿಲ್ಲ. ಕಾರವಾರದ ಬಳಿ ಕಟ್ಟುತ್ತಿದ್ದ ಕೈಗಾ ಸ್ಥಾವರದ ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟ್ 1994ರ ಮೇ 13ರಂದು ಕಳಚಿ ಬಿತ್ತು. ಒಳಗೆ ಇಂಧನ ಇರಲಿಲ್ಲವಾಗಿ ವಿಕಿರಣದ ಅಪಾಯ ತಪ್ಪಿತು. ವಿನ್ಯಾಸವನ್ನೇ ತಿದ್ದಿ ಮತ್ತೆ ಕಟ್ಟಿದರು. ಅದೇ ಘಟಕ ಮುಂದೆ 2018ರ ಕೊನೆಯ ಹೊತ್ತಿಗೆ 962 ದಿನ ಒಂದೇ ಸಮನೆ ಓಡಿ ದಾಖಲೆ ಮಾಡಿತು. ಮಾಲೀಕರೂ ನಿಯಂತ್ರಕರೂ ಈ ನೆಲದವರಾಗಿದ್ದರಿಂದ ತಪ್ಪು ಹುಡುಕುವುದಕ್ಕೆ ಯಾವ ವಿದೇಶಾಂಗ ಸಚಿವಾಲಯದ ಅಪ್ಪಣೆಯೂ ಬೇಕಾಗಲಿಲ್ಲ.

ಅಕ್ಕುಯುವಿಗೆ ಇಂಧನದ ಮೊದಲ ಕಂತು ಬಂದದ್ದು 2023ರ ಏಪ್ರಿಲ್ 27ರಂದು, ಎರ್ಡೊಗನ್ ಮತ್ತು ಪುಟಿನ್ ವಿಡಿಯೊ ಮೂಲಕ ಸಮಾರಂಭ ನೋಡಿದರು. ಶತಮಾನೋತ್ಸವದ ದಿನ ಮಾತ್ರ ದೀಪ ಉರಿಯಲಿಲ್ಲ. 2024 ಮುಗಿಯಿತು, 2025 ಬಂತು, ಗಡುವು 2026ಕ್ಕೆ ಜಾರಿತು. ಇತ್ತ ಕೈಗಾದಲ್ಲಿ ತಲಾ 700 ಮೆಗಾವಾಟ್‌ನ ಐದು ಮತ್ತು ಆರನೇ ಘಟಕಗಳ ಕಾಮಗಾರಿಯನ್ನು ಅಣು ವಿದ್ಯುತ್ ನಿಗಮ 2025ರಲ್ಲಿ 12,800 ಕೋಟಿ ರೂಪಾಯಿಗೆ ಹೈದರಾಬಾದಿನ ಎಂಇಐಎಲ್ ಕಂಪನಿಗೆ ವಹಿಸಿದೆ. ಆ ಕಾಂಕ್ರೀಟಿನ ಗುಣಮಟ್ಟದ ವರದಿಗಳನ್ನು ಸಾರ್ವಜನಿಕರ ಮುಂದಿಡಿ ಎಂದು ಕೇಳುವ ಹಕ್ಕು ಕಾರವಾರದ ಜನರಿಗೆ, ನಮ್ಮ ಶಾಸಕರಿಗೆ, ಸಂಸದರಿಗೆ ಇದೆ. ಮೊದಲ ಕಾಂಕ್ರೀಟ್ ಬೀಳುವ ಹೊತ್ತಿಗೇ ಅದನ್ನು ಕೇಳಲಿ.